ಕಣ್ಣಿನ ಡ್ರಾಪ್ಸನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ: ಉಬ್ಬಸದ ಜೊತೆ ನನ್ನ ಹದಿನಾಲ್ಕು ತಿಂಗಳು

ಕಳೆದ ವಾರ, ಉಬ್ಬಸದ ಇಂಜೆಕ್ಷನ್ ಶುರುವಾದ ಮೇಲಿನ ನನ್ನ ನಾಲ್ಕನೇ ತಿಂಗಳ ತಪಾಸಣೆ ಮುಗಿಯಿತು. ಇಂಜೆಕ್ಷನ್ ಮುಂದುವರಿಸಬಹುದು ಎಂದು ಎದೆರೋಗ ತಜ್ಞರು ಬರೆದುಕೊಟ್ಟರು. ಮನೆಗೆ ಬಂದು ಫೈಲು ಎತ್ತಿಡುವಾಗ ನೋಡಿದೆ, ಎರಡು ಇಂಚು ದಪ್ಪವಾಗಿದೆ. ಹದಿನಾಲ್ಕು ತಿಂಗಳ ಕಾಗದ. ಅದರಲ್ಲಿ ಮುಕ್ಕಾಲು ಪಾಲು ದೊಡ್ಡ ಆಸ್ಪತ್ರೆಯದ್ದಲ್ಲ, ನಮ್ಮ ಫ್ಯಾಮಿಲಿ ಡಾಕ್ಟರದ್ದು. ಶುರುವಿನಲ್ಲಿ ಯಾರಾದರೂ ಹೀಗಾಗುತ್ತೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಈ ದಾರಿಯಲ್ಲಿ ಈಗ ಹೊರಟಿರುವವರಿಗೆ ನನಗಾದ ಗೊಂದಲ ಬೇಡ ಎಂದು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ರೋಗಿ. ಔಷಧಿ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ.

ಶುರುವಾಗಿದ್ದು ಒಂದು ಬೆಳಗಿನ ಜಾವ ಮೂರು ಗಂಟೆಗೆ. ಕೂತರೂ ಆಗುತ್ತಿಲ್ಲ, ನಿಂತರೂ ಆಗುತ್ತಿಲ್ಲ. ಎದೆಯೊಳಗೆ ಬೆಕ್ಕಿನ ಮರಿ ಕೂಗಿದ ಹಾಗೆ ಸೀಟಿ. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ನೀಲಿ ಪಂಪನ್ನು (ಇನ್ಹೇಲರ್) ಆರು ಸಲ ಒತ್ತಿದೆ, ಎಂಟು ಸಲ ಒತ್ತಿದೆ. ನಮ್ಮವರನ್ನು ಎಬ್ಬಿಸಲು ಹೋದರೆ "ರೀ" ಎನ್ನುವುದೊಂದು ಬಂತು, ಅದರ ಮುಂದಿನ ಮಾತು ಬರಲಿಲ್ಲ. ಗಾಡಿಯಲ್ಲಿ ಹೋಗುವಾಗ ಸೀಟಿ ಸದ್ದು ನಿಂತಿತು. "ಸ್ವಲ್ಪ ಕಡಿಮೆ ಆಯ್ತಲ್ವಾ?" ಎಂದರು ಅವರು. ನಾನೂ ಹಾಗೇ ಅಂದುಕೊಂಡೆ. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟವರೇ ಸಿಸ್ಟರನ್ನು ಕೂಗಿ ಕರೆದರು. ಗಾಳಿಯೇ ಓಡಾಡದಿದ್ದರೆ ಸೀಟಿ ಎಲ್ಲಿಂದ ಬರಬೇಕು? ಅದು ಕಡಿಮೆಯಾದ ಲಕ್ಷಣವಲ್ಲ, ಅಪಾಯದ ಲಕ್ಷಣ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಸೀಟಿ ಇದ್ದಕ್ಕಿದ್ದಂತೆ ನಿಂತು ಸುಸ್ತು ಜಾಸ್ತಿಯಾದರೆ ಕಾಯಬೇಡಿ. ಬೆಳಗಾಗಲಿ ನೋಡೋಣ ಅನ್ನಬೇಡಿ.

ಆಮ್ಲಜನಕ, ನೆಬ್ಯುಲೈಜರ್, ಸ್ಟೀರಾಯ್ಡ್ ಎಲ್ಲಾ ಆಗಿ ಮಾರನೇ ದಿನ ಮನೆಗೆ ಕಳಿಸಿದರು. ಆರು ತಿಂಗಳಲ್ಲಿ ಅದು ಮೂರನೇ ಸಲ. ಕೈಗೆ ಐದು ದಿನದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ದಿನಕ್ಕೆ 40 ಮಿಲಿಗ್ರಾಂ. ಜೊತೆಗೊಂದು ಚೀಟಿ: ಎರಡು ಮೂರು ದಿನದಲ್ಲಿ ನಿಮ್ಮ ಡಾಕ್ಟರನ್ನು ಕಾಣಿ. ಹಿಂದಿನ ಎರಡು ಸಲವೂ ಇದೇ ಚೀಟಿ ಕೊಟ್ಟಿದ್ದರು, ನಾನು ಹೋಗಿರಲಿಲ್ಲ. ಮಾತ್ರೆ ನುಂಗಿದ ಎರಡನೇ ದಿನಕ್ಕೆ ಎದೆ ಹಗುರಾಗುತ್ತದೆ, ಹಸಿವು ಜೋರಾಗುತ್ತದೆ, ರಾತ್ರಿ ನಿದ್ದೆ ಬರದಿದ್ದರೂ ಉತ್ಸಾಹ ಇರುತ್ತದೆ. ಇನ್ನೇಕೆ ಡಾಕ್ಟರು ಅನಿಸಿಬಿಡುತ್ತದೆ. ಅಲ್ಲದೆ ನೆಗಡಿ, ಜ್ವರ ನೋಡುವ ಕ್ಲಿನಿಕ್ಕಿಗೆ ಇಷ್ಟು ದೊಡ್ಡ ಕಾಯಿಲೆ ಹಿಡಿದುಕೊಂಡು ಹೋಗಿ ಏನು ಪ್ರಯೋಜನ, ನೇರ ದೊಡ್ಡ ತಜ್ಞರನ್ನೇ ನೋಡಬೇಕು ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಈ ಸಲ ನಮ್ಮವರು ಬಿಡಲಿಲ್ಲ.

ನಮ್ಮ ಫ್ಯಾಮಿಲಿ ಡಾಕ್ಟರಮ್ಮ ನನ್ನನ್ನು ನೋಡಿ ಮೊದಲು ಕೇಳಿದ್ದು, "ಹೋದ ಎರಡು ಸಲ ಎಮರ್ಜೆನ್ಸಿಗೆ ಹೋಗಿದ್ದು ನನಗೆ ಗೊತ್ತೇ ಇಲ್ಲವಲ್ಲ?" ಆಸ್ಪತ್ರೆಯಿಂದ ಅವರಿಗೆ ಯಾವ ಕಾಗದವೂ ಬಂದಿರಲಿಲ್ಲ. ಆಸ್ಪತ್ರೆಯವರು ತಾವೇ ತಿಳಿಸುತ್ತಾರೆ ಎಂದು ನಾನು ಸುಮ್ನಿದ್ದೆ. ದಯವಿಟ್ಟು ನೀವೂ ಹೀಗೆ ಅಂದುಕೊಂಡು ಕೂರಬೇಡಿ. ಎಮರ್ಜೆನ್ಸಿಯಿಂದ ಹೊರಗೆ ಬಂದ ದಿನವೇ ಬಿಡುಗಡೆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಯಾಕೆ ಎನ್ನುವುದು ಮುಂದೆ ಬರುತ್ತದೆ, ಅದೊಂದು ದೊಡ್ಡ ಗೋಳು.

ಆಮೇಲೆ ಐದು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ನಾಲ್ಕು ವಾರದಲ್ಲಿ ಎಷ್ಟು ಸಲ ಏದುಸಿರು ಬಂತು, ಎಷ್ಟು ರಾತ್ರಿ ಎಚ್ಚರವಾಯಿತು, ಹೀಗೆ. ಪೂರ್ತಿ ಅಂಕ 25. 19 ಅಥವಾ ಅದಕ್ಕಿಂತ ಕಡಿಮೆ ಬಂದರೆ ಉಬ್ಬಸ ಹತೋಟಿಯಲ್ಲಿಲ್ಲ ಎಂದರ್ಥ. ನನಗೆ 9 ಬಂತು. ನಾನು 15 ಆದರೂ ಬರಬಹುದು ಎಂದುಕೊಂಡಿದ್ದೆ. ಮೆಟ್ಟಿಲ ಮಧ್ಯೆ ನಿಂತು ದಮ್ಮು ತೆಗೆದುಕೊಳ್ಳುವುದು, ದಿಂಬು ಮೂರು ಇಟ್ಟುಕೊಂಡು ಮಲಗುವುದು, ಇದೆಲ್ಲಾ ನನಗೆ ಮಾಮೂಲಿ ಆಗಿಹೋಗಿತ್ತು. ಮಾಮೂಲಿ ಆಗಿದ್ದನ್ನು ಯಾರೂ ಕಾಯಿಲೆ ಲೆಕ್ಕಕ್ಕೆ ಹಾಕುವುದಿಲ್ಲ ಅಲ್ವಾ.

"ಪಂಪು ಎಳೆದು ತೋರಿಸಿ" ಎಂದರು. ನನಗೆ ಒಳಗೊಳಗೇ ಸಿಟ್ಟು. ಹನ್ನೊಂದು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ, ನನಗೇನು ಪಾಠ! ತೋರಿಸಿದೆ. ಅವರು ಏನೂ ಅನ್ನದೆ ನನ್ನ ಎರಡು ಪಂಪನ್ನೂ ಮೇಜಿನ ಮೇಲಿಟ್ಟರು. ಎರಡನ್ನೂ ಎಳೆಯುವ ರೀತಿಯನ್ನು ನಾನು ಅದಲುಬದಲು ಮಾಡುತ್ತಿದ್ದೆ. ನೀಲಿ ಪಂಪು ಅನಿಲದ ಒತ್ತಡದಿಂದ ತಾನೇ ಚಿಮ್ಮುವಂಥದ್ದು. ಅದನ್ನು ನಿಧಾನವಾಗಿ, ಆಳವಾಗಿ ಎಳೆದುಕೊಳ್ಳಬೇಕು. ನಾನು ಗಬಕ್ಕನೆ ಎಳೆಯುತ್ತಿದ್ದೆ, ಅರ್ಧ ಔಷಧಿ ನಾಲಿಗೆಗೆ. ದಿನಾ ತೆಗೆದುಕೊಳ್ಳುವ ಇನ್ನೊಂದು ಪುಡಿಯದ್ದು. ಅದರಲ್ಲಿ ಪುಡಿ ಮೇಲೇಳಬೇಕಾದರೆ ನಮ್ಮ ಉಸಿರಿಗೇ ಜೋರು ಇರಬೇಕು. ಅದನ್ನು ನಾನು ಮೆಲ್ಲಗೆ ಎಳೆಯುತ್ತಿದ್ದೆ. ಎಳೆಯುವ ಮೊದಲು ಅದರೊಳಕ್ಕೇ ಉಸಿರು ಬಿಡುತ್ತಿದ್ದೆ ಬೇರೆ, ಬಾಯಿಯ ತೇವಕ್ಕೆ ಪುಡಿ ಮುದ್ದೆಯಾಗುತ್ತದಂತೆ. ಎಳೆದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು ಎಂಬುದೂ ನೆನಪಿನಲ್ಲಿರಲಿಲ್ಲ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. "ಹತ್ತರಲ್ಲಿ ಏಳೆಂಟು ಜನ ಹೀಗೇ ತಪ್ಪು ಮಾಡ್ತಾರೆ, ನೀವೊಬ್ಬರೇ ಅಲ್ಲ" ಎಂದರು.

ನೀಲಿ ಪಂಪಿಗೆ ಒಂದು ಸ್ಪೇಸರ್ ಬರೆದುಕೊಟ್ಟರು, ಆ ಪ್ಲಾಸ್ಟಿಕ್ ಡಬ್ಬಿ. ಅದನ್ನು ತೊಳೆಯುವುದಕ್ಕೂ ಒಂದು ಕ್ರಮ ಇದೆ. ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಗಾಳಿಗೆ ಆರಲು ಬಿಡಬೇಕು. ಬಟ್ಟೆಯಿಂದ ಒರೆಸಿದರೆ ಒಳಗೆ ಸ್ಥಿರವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ. ನಾನು ಮೊದಲ ವಾರ ಚೆನ್ನಾಗಿ ಉಜ್ಜಿ ಉಜ್ಜಿ ಒರೆಸಿಟ್ಟಿದ್ದೆ.

ಒಂದು ವರ್ಷದಲ್ಲಿ ಎಷ್ಟು ನೀಲಿ ಪಂಪು ಖಾಲಿ ಮಾಡಿದಿರಿ ಎಂದು ಕೇಳಿದರು. ಮನೆಯ ಡ್ರಾಯರಿನಲ್ಲಿ ಬಿಸಾಡದೆ ಇಟ್ಟಿದ್ದವನ್ನೇ ಆಮೇಲೆ ಎಣಿಸಿದೆ, ಎಂಟು. 200 ಪಫ್ ಇರುವ ಪಂಪು ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಬೇಕಾಗುತ್ತಿದೆ ಎಂದರೆ ದೊಡ್ಡ ದಾಳಿಯ ಅಪಾಯ ಹೆಚ್ಚು. ಹನ್ನೆರಡು ಮುಟ್ಟಿದರೆ ಸಾವಿನ ಅಪಾಯವೂ ಏರುತ್ತದೆ. ನೀಲಿ ಪಂಪು ಉಸಿರಿನ ಕೊಳವೆಯನ್ನು ಹಿಗ್ಗಿಸುತ್ತದೆ ಅಷ್ಟೇ, ಒಳಗಿನ ಊತಕ್ಕೆ ಏನೂ ಮಾಡುವುದಿಲ್ಲ. ಅದೊಂದನ್ನೇ ನಂಬಿಕೊಂಡು ಇರಬೇಡಿ ಎಂದು ಜಗತ್ತಿನ ಅಸ್ತಮಾ ಮಾರ್ಗಸೂಚಿ ಜೀನಾ 2019ರಿಂದ ಹೇಳುತ್ತಲೇ ಇದೆ. ನಾನು ಅದನ್ನು ತಲೆನೋವಿನ ಮಾತ್ರೆ ಥರ ಬಳಸುತ್ತಿದ್ದೆ.

ಹೊರಡುವಾಗ ಎರಡು ಕೆಲಸ ಹೇಳಿದರು. ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ತೆಗೆದುಕೊಂಡು ಎರಡು ವಾರ, ಬೆಳಿಗ್ಗೆ ರಾತ್ರಿ, ಮೂರು ಸಲ ಊದಿ ಜಾಸ್ತಿ ಬಂದದ್ದನ್ನು ಬರೆದಿಡುವುದು. ಮುಂದಿನ ಸಲ ಬರುವಾಗ ಮನೆಯಲ್ಲಿ ನಾನು ಬಳಸುವ ಎಲ್ಲಾ ಔಷಧಿ ಒಂದು ಚೀಲದಲ್ಲಿ ತರುವುದು. "ಎಲ್ಲಾ ಅಂದ್ರೆ ಎಲ್ಲಾ. ನೋವಿನ ಮಾತ್ರೆ, ಮುಲಾಮು, ಯಾರೋ ಕೊಟ್ಟ ಪುಡಿ, ಎಲ್ಲಾ."

ಆ ಚೀಲದಿಂದಲೇ ಕಥೆ ತಿರುಗಿತು.

ಎರಡು ವಾರ ಬಿಟ್ಟು ಹೋದೆ. ಡೈರಿ ನೋಡಿದರು. ಒಳ್ಳೆಯ ದಿನ 390, ಕೆಟ್ಟ ದಿನ 240. ಚೀಲ ಮೇಜಿನ ಮೇಲೆ ಸುರಿದರು. ಪಂಪುಗಳು, ಅಲರ್ಜಿ ಮಾತ್ರೆ, ಎದೆಯುರಿ ಮಾತ್ರೆ, ಸೊಂಟದ ಮುಲಾಮು. ಕೊನೆಗೆ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಪುಟ್ಟ ಬಾಟಲಿ ಬೆರಳಿನಿಂದ ಎತ್ತಿದರು. ನಿಜ ಹೇಳಬೇಕೆಂದರೆ ಅದನ್ನು ತರುವುದೋ ಬೇಡವೋ ಎಂದು ಮನೆಯಲ್ಲಿ ಯೋಚಿಸಿದ್ದೆ. ಕಣ್ಣಿನ ಡ್ರಾಪ್ಸ್, ಅದಕ್ಕೂ ಉಬ್ಬಸಕ್ಕೂ ಏನು ಸಂಬಂಧ ಅಂತ. ಡಾಕ್ಟರಮ್ಮ ಕನ್ನಡಕ ಮೇಲಕ್ಕೆ ಸರಿಸಿ ಬಾಟಲಿಯ ಸಣ್ಣ ಅಕ್ಷರ ಓದಿದರು. ತಿರುಗಿಸಿ ಇನ್ನೊಂದು ಸಲ ಓದಿದರು. "ಇದು ಯಾವಾಗಿಂದ?"

ಟಿಮೊಲಾಲ್. ಕಣ್ಣಿನ ಒತ್ತಡ ಜಾಸ್ತಿಯಾಗಿದೆ ಎಂದು ಎಂಟು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ಬರೆದಿದ್ದು, ದಿನಕ್ಕೆ ಎರಡು ಸಲ. ಅದು ಬೀಟಾ ಬ್ಲಾಕರ್ ಜಾತಿಯ ಔಷಧಿ. ಕಣ್ಣಿಗೆ ಬಿಟ್ಟ ಹನಿ ಕಣ್ಣಿನಲ್ಲೇ ಉಳಿಯುವುದಿಲ್ಲ. ಕಣ್ಣೀರು ಇಳಿಯುವ ಸಣ್ಣ ನಾಳದಿಂದ ಮೂಗಿಗೆ ಬಂದು ರಕ್ತ ಸೇರುತ್ತದೆ. ನೀಲಿ ಪಂಪು ಯಾವ ಬಾಗಿಲು ತೆರೆಯುತ್ತದೋ ಅದೇ ಬಾಗಿಲಿಗೆ ಈ ಔಷಧಿ ಅಗುಳಿ ಹಾಕುತ್ತದೆ. ಉಬ್ಬಸ ಇರುವವರಿಗೆ ಇದನ್ನು ಕೊಡಬಾರದು. ಆರು ತಿಂಗಳಲ್ಲಿ ಮೂರು ಸಲ ಎಮರ್ಜೆನ್ಸಿ ಯಾಕೆ ಎಂಬುದಕ್ಕೆ ಒಂದು ಉತ್ತರ ಮೇಜಿನ ಮೇಲೆ ನಿಂತಿತ್ತು, ಹೆಬ್ಬೆರಳಿಗಿಂತ ಚಿಕ್ಕದು.

ಕಣ್ಣಿನ ಡಾಕ್ಟರನ್ನು ಬೈಯಲು ಬಾಯಿ ತೆರೆದೆ. ಆಗ ನೆನಪಾಯಿತು. ಅಲ್ಲಿ ಒಂದು ಫಾರಂ ಕೊಟ್ಟಿದ್ದರು. ಬೇರೆ ಕಾಯಿಲೆ ಇದೆಯೇ ಎಂಬ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ, ನನ್ನ ಸರದಿ ಬಂದುಬಿಟ್ಟಿತ್ತು, ಕಣ್ಣಿಗೆ ಬಂದವಳಿಗೆ ಉಬ್ಬಸ ಯಾಕೆ ಬರೆಯಬೇಕು ಅಂತ. ಕಣ್ಣಿನ ಒತ್ತಡ ಏರುವುದಕ್ಕೆ ನಾನು ವರ್ಷಗಟ್ಟಲೆ ಆಗಾಗ ನುಂಗಿದ ಸ್ಟೀರಾಯ್ಡ್ ಮಾತ್ರೆಯೂ ಕಾರಣ ಇರಬಹುದು ಎಂದರು ಡಾಕ್ಟರಮ್ಮ. ಉಬ್ಬಸಕ್ಕೆ ಸ್ಟೀರಾಯ್ಡ್, ಸ್ಟೀರಾಯ್ಡಿನಿಂದ ಕಣ್ಣಿನ ಒತ್ತಡ, ಅದಕ್ಕೆ ಡ್ರಾಪ್ಸ್, ಡ್ರಾಪ್ಸಿನಿಂದ ಮತ್ತೆ ಉಬ್ಬಸ, ಮತ್ತೆ ಸ್ಟೀರಾಯ್ಡ್. ನಾನು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. ಕಣ್ಣಿನವರು ಕಣ್ಣು ನೋಡಿದರು, ಎಮರ್ಜೆನ್ಸಿಯವರು ಆ ರಾತ್ರಿ ನೋಡಿದರು. ಎಲ್ಲಾ ಒಟ್ಟಿಗೆ ಒಂದೇ ಮೇಜಿನ ಮೇಲೆ ಬಿದ್ದದ್ದು ನಾನು ಸಣ್ಣದು ಅಂದುಕೊಂಡಿದ್ದ ಆ ಕ್ಲಿನಿಕ್ಕಿನಲ್ಲಿ.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ತಾವಾಗಿ ಡ್ರಾಪ್ಸ್ ನಿಲ್ಲಿಸಬೇಡಿ, ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಡಾಕ್ಟರಮ್ಮ ನನ್ನೆದುರಿಗೇ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದರು. ಅವರು ಮಾರನೇ ದಿನವೇ ಕರೆಸಿ ಬೇರೆ ಜಾತಿಯ ಹನಿಗೆ ಬದಲಾಯಿಸಿದರು. ನೋವಿನ ಮಾತ್ರೆಗಳೂ ಹಾಗೇ. ಆಸ್ಪಿರಿನ್, ಐಬುಪ್ರೊಫೆನ್ ಕೆಲವು ಉಬ್ಬಸದವರಿಗೆ ಆಗುವುದಿಲ್ಲ, ಮೂಗಿನಲ್ಲಿ ದುರ್ಮಾಂಸ ಇರುವವರಿಗೆ ವಿಶೇಷವಾಗಿ.

ಎರಡು ವಾರದಲ್ಲಿ ಡೈರಿಯ ಅಂಕಿ ಏರಿತು. 350, 380, ಒಂದು ದಿನ 410. ರಾತ್ರಿ ಒಂದೇ ದಿಂಬು. ಮುಗೀತು, ಗೆದ್ದೆ ಎಂದುಕೊಂಡೆ.

ಮುಗಿದಿರಲಿಲ್ಲ. ಪಂಪು ಸರಿಯಾಗಿ ಎಳೆಯುತ್ತಿದ್ದೇನೆ, ಒಂದು ಹೊತ್ತೂ ತಪ್ಪಿಸಿಲ್ಲ, ಡ್ರಾಪ್ಸ್ ಬದಲಾಗಿದೆ, ಔಷಧಿಯ ಪ್ರಮಾಣ ಏರಿಸಿ ಮೇಲಿನ ಮಟ್ಟಕ್ಕೆ ತಂದಿದ್ದಾರೆ. ಆದರೂ ಮೂರು ತಿಂಗಳಿಗೆ ಐದು ಪ್ರಶ್ನೆಯ ಅಂಕ 14ರ ಮೇಲೆ ಹೋಗಲಿಲ್ಲ. ನಾಲ್ಕನೇ ತಿಂಗಳು ಒಂದು ನೆಗಡಿ ಬಂತು, ಅದು ಎದೆಗಿಳಿಯಿತು. ಈ ಸಲ ಎಮರ್ಜೆನ್ಸಿವರೆಗೆ ಹೋಗಲಿಲ್ಲ, ಡಾಕ್ಟರಮ್ಮ ಬರೆದುಕೊಟ್ಟಿದ್ದ ಯೋಜನೆಯ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. ಹಸಿರು, ಹಳದಿ, ಕೆಂಪು, ಟ್ರಾಫಿಕ್ ಸಿಗ್ನಲ್ ಥರ. ಪೀಕ್ ಫ್ಲೋ ಇಷ್ಟಕ್ಕಿಳಿದರೆ ಇದು ಮಾಡು, ಇಷ್ಟಕ್ಕಿಳಿದರೆ ಹೊರಡು. ಹಳದಿಯಲ್ಲೇ ಕ್ಲಿನಿಕ್ಕಿಗೆ ಹೋದೆ. ಸ್ಟೀರಾಯ್ಡ್ ಮಾತ್ರೆ ಬೇಕೇ ಬೇಕು ಎಂದರು. ಆದರೆ ಮೊದಲ ಮಾತ್ರೆ ನುಂಗುವ ಮುಂಚೆ ರಕ್ತ ತೆಗೆಸಿದರು.

ಈ ಒಂದು ವಿಷಯ ಬರೆದಿಟ್ಟುಕೊಳ್ಳಿ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣ ಇರುತ್ತದೆ. ತೀವ್ರ ಉಬ್ಬಸದಲ್ಲಿ ಯಾವ ಇಂಜೆಕ್ಷನ್ ಸರಿಹೋಗಬಹುದು ಎಂಬ ಲೆಕ್ಕಕ್ಕೆ ಅದರ ಸಂಖ್ಯೆ ಮುಖ್ಯ. ಸ್ಟೀರಾಯ್ಡ್ ಮಾತ್ರೆ ಅದನ್ನು ಪಟ್ಟನೆ ಇಳಿಸಿಬಿಡುತ್ತದೆ. ಎಮರ್ಜೆನ್ಸಿಯಲ್ಲಿ ತೆಗೆದ ನನ್ನ ರಕ್ತದಲ್ಲಿ ಅದು 40 ಇತ್ತು, ಸ್ಟೀರಾಯ್ಡ್ ಆದ ಮೇಲೆ ತೆಗೆದದ್ದು. ಅದನ್ನೇ ನೋಡಿದ್ದರೆ ನನಗೆ ಈ ಕಣ ಹೆಚ್ಚಿರುವ ಥರದ ಉಬ್ಬಸವೇ ಇಲ್ಲ ಎಂದಾಗುತ್ತಿತ್ತು. ಡಾಕ್ಟರಮ್ಮ ಮಾತ್ರೆಗೆ ಮೊದಲು ತೆಗೆಸಿದ್ದರಲ್ಲಿ 640.

ಅವತ್ತೇ ಅವರು ಚೀಟಿಯ ಹಿಂಬದಿಯಲ್ಲಿ ಒಂದು ಗುಣಾಕಾರ ಮಾಡಿ ತೋರಿಸಿದರು. ಒಂದು ಕೋರ್ಸಿಗೆ 40 ಮಿಲಿಗ್ರಾಂ ಐದು ದಿನ, 200. ವರ್ಷದಲ್ಲಿ ಎಮರ್ಜೆನ್ಸಿಯ ಮೂರು, ಪ್ರಯಾಣದಲ್ಲಿದ್ದಾಗ ಯಾವುದೋ ಕ್ಲಿನಿಕ್ಕಿನಲ್ಲಿ ಒಂದು, ಈಗ ಇದು. ಐದು ಕೋರ್ಸು, 1000 ಮಿಲಿಗ್ರಾಂ, ಒಂದು ಗ್ರಾಂ. ಇಡೀ ಆಯುಷ್ಯದಲ್ಲಿ ಒಟ್ಟು ಅರ್ಧದಿಂದ ಒಂದು ಗ್ರಾಂ ಆದರೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆಯಂಥ ತೊಂದರೆಗಳು ಹೆಚ್ಚುತ್ತವೆ ಎಂದು ತಿಳಿದುಬಂದಿದೆ. ನಾನು ಒಂದೇ ವರ್ಷದಲ್ಲಿ ಅಷ್ಟು ನುಂಗಿದ್ದೆ. ಐದು ದಿನದ ಮಾತ್ರೆ ತಾನೆ ಎಂದು ಪ್ರತಿ ಸಲ ಅಂದುಕೊಂಡಿದ್ದೆ, ಯಾರೂ ಕೂಡಿಸಿ ನೋಡಿರಲಿಲ್ಲ.

"ಇನ್ನು ನಾನು ಇಟ್ಟುಕೊಳ್ಳಬಾರದು, ತಜ್ಞರಿಗೆ ಕಳಿಸ್ತೀನಿ" ಎಂದರು. ನಾಲ್ಕು ತಿಂಗಳ ಹಿಂದೆ ನಾನು ಕೇಳಿದ್ದೂ ಅದನ್ನೇ ಅಲ್ವಾ, ಆಗಲೇ ಕಳಿಸಬಹುದಿತ್ತಲ್ಲ ಎಂದು ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹತೋಟಿಗೆ ಬರದ ಉಬ್ಬಸವೆಲ್ಲಾ ತೀವ್ರ ಉಬ್ಬಸವಲ್ಲ. ಪಂಪು ತಪ್ಪು, ಔಷಧಿ ತಪ್ಪಿಸುವುದು, ಹೊಗೆ, ಮೂಗು, ಎದೆಯುರಿ, ಬೇರೆ ಔಷಧಿ, ಇವೆಲ್ಲಾ ಸರಿ ಮಾಡಿದ ಮೇಲೂ ಜಾಸ್ತಿ ಪ್ರಮಾಣದ ಔಷಧಿಗೆ ಬಗ್ಗದೆ ಉಳಿದದ್ದಕ್ಕೆ ಮಾತ್ರ ಆ ಹೆಸರು. ಉಬ್ಬಸದವರಲ್ಲಿ ನೂರಕ್ಕೆ ಹತ್ತು ಜನಕ್ಕಿಂತ ಕಡಿಮೆ. ಆಗಲೇ ಹೋಗಿದ್ದರೆ ತಜ್ಞರು ಇದೇ ಕೆಲಸ ಮಾಡಿಸಿ ವಾಪಸ್ ಕಳಿಸುತ್ತಿದ್ದರು ಎಂದರು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ ಎಂದಲ್ಲ. ಕೆಲವು ಕಡೆ ಕ್ಲಿನಿಕ್ಕಿನವರು ವರ್ಷಗಟ್ಟಲೆ ಸುಮ್ನೆ ಮಾತ್ರೆ ಬರೆದುಕೊಂಡೇ ಹೋಗುತ್ತಾರೆ. ವರ್ಷಕ್ಕೆ ಎರಡು ಸ್ಟೀರಾಯ್ಡ್ ಕೋರ್ಸ್ ಆಯಿತೆಂದರೆ ತಜ್ಞರ ಮಾತು ನೀವೇ ಎತ್ತಿ. ಸಂಕೋಚ ಬೇಡ.

ಕಾಯುವುದು ಐದು ತಿಂಗಳು. ಈ ಭಾಗವೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಫೋನ್ ಮಾಡಿದರೆ ಪಟ್ಟಿಯಲ್ಲಿದ್ದೀರಿ ಎನ್ನುತ್ತಾರೆ. ರಾತ್ರಿ ಕೆಮ್ಮು ಬಂದರೆ ಇದು ಮತ್ತೆ ಅದೇನಾ ಎಂದು ಎದೆ ಡವಡವ, ಆ ಹೆದರಿಕೆಗೇ ಉಸಿರು ಇನ್ನೂ ಕಟ್ಟುವುದು. ಯಾವುದು ಉಬ್ಬಸ, ಯಾವುದು ಭಯ ಎಂದು ಗೊತ್ತಾಗದ ರಾತ್ರಿಗಳಲ್ಲಿ ಪೀಕ್ ಫ್ಲೋ ಮೀಟರ್ ಕೈ ಹಿಡಿಯಿತು. 370 ಬಂದರೆ ಭಯ, 260 ಬಂದರೆ ಉಬ್ಬಸ. ಉಪಾಯ ನನ್ನದೇ, ಆದರೆ ಡಾಕ್ಟರಮ್ಮನೂ ತಲೆದೂಗಿದರು.

ಆ ಐದು ತಿಂಗಳು ಅವರು ಸುಮ್ಮನೆ ಕೂರಲು ಬಿಡಲಿಲ್ಲ. ಫ್ಲೂ ಲಸಿಕೆ, ನ್ಯೂಮೋನಿಯಾ ಲಸಿಕೆ ಆಯಿತು. ರಕ್ತದ ಸಕ್ಕರೆ ನೋಡಿದರು, ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿದರು. ವಾಸನೆ ಗೊತ್ತಾಗುತ್ತಾ ಎಂದು ಕೇಳಿದರು. ಇಲ್ಲ, ಎರಡು ವರ್ಷದಿಂದ ಇಲ್ಲ. ಅದನ್ನೂ ನಾನು ಯಾರಿಗೂ ಹೇಳಿರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಎರಡೂ ಮೂಗಿನಲ್ಲಿ ದುರ್ಮಾಂಸ. ಅದೂ ತಜ್ಞರಿಗೆ ಬರೆಯುವ ಪತ್ರಕ್ಕೆ ಸೇರಿತು.

ಆ ಪತ್ರ ಎರಡು ಪುಟ ಇತ್ತು. ಎಷ್ಟು ದಾಳಿ, ಯಾವ ತಾರೀಖು, ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ಎಷ್ಟು ದಿನ, ಪಂಪು ಎಳೆಯುವುದನ್ನು ಎದುರಿಗೇ ನೋಡಿದ್ದೇನೆ, ಔಷಧಿಯನ್ನು ನಿಗದಿತ ದಿನಕ್ಕೆ ಖರೀದಿಸಿದ್ದಾರೆ, ಟಿಮೊಲಾಲ್ ನಿಲ್ಲಿಸಿದ ಮೇಲೂ ಹೀಗಿದೆ, ಇಯೊಸಿನೊಫಿಲ್ ಎರಡು ಸಲದ್ದು, ಸ್ಟೀರಾಯ್ಡಿಗೆ ಮೊದಲು ಮತ್ತು ನಂತರ. ನಿಮ್ಮ ಪತ್ರದ ಒಂದು ಪ್ರತಿ ನೀವೇ ಕೇಳಿ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿ ನನ್ನ ಪತ್ರ ಸಿಗಲಿಲ್ಲ. ನನ್ನ ಕೈಯಲ್ಲಿದ್ದ ಪ್ರತಿಯೇ ಒಳಗೆ ಹೋಯಿತು.

ಅಲ್ಲಿ ಒಂದು ದಿನ ಪೂರ್ತಿ. ಉಸಿರಿನ ಕೊಳವೆಯ ಊತ ತಿಳಿಯಲು ನೈಟ್ರಿಕ್ ಆಕ್ಸೈಡ್ ಪರೀಕ್ಷೆ ಎಂದು ಒಂದು ಯಂತ್ರಕ್ಕೆ ಸಮನಾಗಿ ಊದಬೇಕು, 68 ಬಂತು, ಜಾಸ್ತಿ. ಶ್ವಾಸಕೋಶದ ಬಲ ಅಳೆಯುವ ಸ್ಪೈರೊಮೆಟ್ರಿಗೆ ಹೋದರೆ ತಂತ್ರಜ್ಞರು ಬೆಳಿಗ್ಗೆ ಪಂಪು ತಗೊಂಡ್ರಾ ಎಂದರು. ತಗೊಂಡಿದ್ದೆ. ಔಷಧಿಗೆ ಮೊದಲು ಮತ್ತು ನಂತರ ಎಷ್ಟು ವ್ಯತ್ಯಾಸ ಎಂದು ನೋಡುವ ಪರೀಕ್ಷೆ ಅದು, ಮೊದಲೇ ತೆಗೆದುಕೊಂಡಿದ್ದರೆ ಲೆಕ್ಕ ಸಿಗುವುದಿಲ್ಲ. ಮತ್ತೆ ಹತ್ತು ದಿನ ಬಿಟ್ಟು ಬರಬೇಕಾಯಿತು. ದಿನ ಗೊತ್ತಾದ ಕೂಡಲೇ ಫೋನ್ ಮಾಡಿ, ಯಾವ ಪಂಪು ಎಷ್ಟು ಗಂಟೆ ಮೊದಲು ನಿಲ್ಲಿಸಬೇಕು ಎಂದು ಕೇಳಿಕೊಳ್ಳಿ. ಸ್ವಂತ ಲೆಕ್ಕದಲ್ಲಿ ನಿಲ್ಲಿಸಬೇಡಿ. ರಕ್ತಕ್ಕೆ ಏಳು ಟ್ಯೂಬ್ ತೆಗೆದರು. ಮಲಪರೀಕ್ಷೆಗೂ ಡಬ್ಬಿ ಕೊಟ್ಟರು, ನನಗೆ ನಗು ಬಂತು. ಹೊಟ್ಟೆಹುಳವಿದ್ದರೂ ಇಯೊಸಿನೊಫಿಲ್ ಏರುತ್ತದೆ, ಇಂಜೆಕ್ಷನ್ ಕೊಡುವ ಮೊದಲು ಅದನ್ನು ನೋಡಿಕೊಳ್ಳಬೇಕಂತೆ.

ತಜ್ಞರು ಪತ್ರ ಓದುತ್ತಾ ಅಲ್ಲಲ್ಲಿ ಪೆನ್ನಿನಿಂದ ಟಿಕ್ ಹಾಕುತ್ತಾ ಹೋದರು. ನನ್ನ ಮುಂದೆ ಹೋಗಿದ್ದವರು ನಲವತ್ತು ನಿಮಿಷ ಒಳಗಿದ್ದು, ಪಂಪು ಕಲಿತು, ಮೂರು ತಿಂಗಳು ಬಿಟ್ಟು ಬನ್ನಿ ಎಂಬ ಚೀಟಿ ಹಿಡಿದು ಹೊರಗೆ ಬಂದಿದ್ದರು. ನನಗೆ ಮೆಪೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಆಗಬಹುದು ಎಂದರು, ನಾಲ್ಕು ವಾರಕ್ಕೊಂದು, ಚರ್ಮದ ಕೆಳಗೆ. ಇಯೊಸಿನೊಫಿಲ್ ಬೆಳೆಯಲು ಬೇಕಾದ ಸಂಕೇತವನ್ನೇ ಅದು ತಡೆಯುತ್ತದೆ. ಹೊಸ ಔಷಧಿ, ನನ್ನ ಮೇಲೆ ಪ್ರಯೋಗ ಮಾಡುತ್ತಾರೇನೋ ಎಂದು ಹೆದರಿದ್ದೆ. ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2015ರಲ್ಲಂತೆ. ಉಬ್ಬಸಕ್ಕೆ ಬಂದ ಇಂಥ ಮೊದಲ ಔಷಧಿ ಒಮಾಲಿಜುಮ್ಯಾಬ್‌ಗೆ 2003ರಲ್ಲೇ.

ಇನ್ನು ದುಡ್ಡಿನ ಮಾತು. ಇದು ದುಬಾರಿ, ಕೈಯಿಂದ ಕೊಡುವುದು ನಮ್ಮಂಥವರಿಗೆ ಆಗದ ಮಾತು. ಖರ್ಚು ಯಾರು ಕೊಡುತ್ತಾರೆ ಎಂಬುದು ಒಂದೊಂದು ಕಡೆ ಒಂದೊಂದು ಥರ, ಆದರೆ ಕೊಡುವವರು ಯಾರೇ ಇರಲಿ ಪುರಾವೆ ಕೇಳುತ್ತಾರೆ. ನನ್ನ ಅರ್ಜಿ ಮೊದಲ ಸಲ ವಾಪಸ್ ಬಂತು. ಐದು ಸ್ಟೀರಾಯ್ಡ್ ಕೋರ್ಸ್ ಎಂದು ಬರೆದಿದೆ, ದಾಖಲೆ ಇರುವುದು ಎರಡಕ್ಕೆ ಮಾತ್ರ ಅಂತ. ನಾನು ಕ್ಲಿನಿಕ್ಕಿಗೆ ಹೋಗದೆ ತಪ್ಪಿಸಿಕೊಂಡಿದ್ದ ಆ ಎರಡು ಎಮರ್ಜೆನ್ಸಿ, ಪ್ರಯಾಣದ ಆ ಒಂದು, ಈ ಮೂರೂ ಎಲ್ಲೂ ಇಲ್ಲ. ಮನೆಯೆಲ್ಲಾ ಹುಡುಕಿದೆ. ಒಂದು ಬಿಡುಗಡೆ ಚೀಟಿ ಸಿಕ್ಕಿತು, ಬಿಸಿಗೆ ಮುದ್ರಣವಾಗುವ ಆ ನುಣುಪು ಕಾಗದ, ಅಕ್ಷರ ಪೂರ್ತಿ ಮಾಸಿ ಬಿಳಿಯಾಗಿತ್ತು. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಹಾಕಿ ಹದಿನೇಳು ದಿನ ಕಾದೆವು. ಪ್ರಯಾಣದ ಚೀಟಿ ಕೊನೆಗೂ ಸಿಗಲಿಲ್ಲ. ನಾಲ್ಕಕ್ಕೆ ಪುರಾವೆಯಾಯಿತು, ಅಷ್ಟು ಸಾಕಾಯಿತು. ಅವರು ಲೆಕ್ಕ ಹಾಕುವುದು ಪತ್ರ ಬರೆದ ದಿನದಿಂದ ಹಿಂದಿನ 12 ತಿಂಗಳು. ಇನ್ನೂ ತಡವಾಗಿ ಪತ್ರ ಬರೆಸಿದ್ದರೆ ಹಳೆಯ ದಾಳಿಗಳು ಲೆಕ್ಕದಿಂದ ಜಾರಿಬಿಡುತ್ತಿದ್ದವು.

ಮೊದಲ ಇಂಜೆಕ್ಷನ್ ದಿನ ಬಹಳ ಏನೂ ಆಗಲಿಲ್ಲ. ಚುಚ್ಚಿದರು, ಅಲರ್ಜಿ ಆಗುತ್ತದೇನೋ ಎಂದು ಸ್ವಲ್ಪ ಹೊತ್ತು ಕೂರಿಸಿಕೊಂಡರು, ಕಳಿಸಿದರು. ಸಂಜೆ ತಲೆನೋವು ಬಂತು, ಮಾರನೇ ದಿನ ಹೋಯಿತು. ಮೊದಲ ತಿಂಗಳು ವ್ಯತ್ಯಾಸವೇ ಕಾಣಲಿಲ್ಲ, ನಿರಾಸೆಯಾಯಿತು. ನಾಲ್ಕು ತಿಂಗಳಾದರೂ ನೋಡದೆ ತೀರ್ಮಾನ ಮಾಡುವಂತಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಎರಡನೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಎದ್ದಾಗ ಅಲಾರಂ ಹೊಡೆಯುತ್ತಿತ್ತು. ಅಲಾರಂ ಹೊಡೆಯುವವರೆಗೆ ನಾನು ಮಲಗಿದ್ದು ಯಾವ ಕಾಲವಾಗಿತ್ತೋ.

ಇಂಜೆಕ್ಷನ್ ಶುರುವಾಯಿತು ಎಂದು ದಿನದ ಪಂಪು ಬಿಡುವ ಹಾಗಿಲ್ಲ. ಅದು ನಡೆಯುತ್ತಲೇ ಇರಬೇಕು. ಇನ್ನೊಂದು, ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಕ್ಲಿನಿಕ್ಕಿನ ಔಷಧಿ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ. ನಾನೇ ಹೋಗಿ ಸೇರಿಸಿಸಿದೆ. ಕಣ್ಣಿನ ಡಾಕ್ಟರ ಫಾರಂನಲ್ಲಿ ಆ ಖಾಲಿ ಜಾಗವನ್ನೂ ತುಂಬಿಸಿ ಬಂದೆ, ದೊಡ್ಡ ಅಕ್ಷರದಲ್ಲಿ.

ಈ ನಾಲ್ಕು ತಿಂಗಳಲ್ಲಿ ಸ್ಟೀರಾಯ್ಡ್ ಮಾತ್ರೆ ಒಂದೂ ನುಂಗಿಲ್ಲ. ಐದು ಪ್ರಶ್ನೆಯ ಅಂಕ 21. ಕಳೆದ ವಾರ ತಜ್ಞರ ಹತ್ತಿರ ಮುಗಿಸಿಕೊಂಡು ಡಾಕ್ಟರಮ್ಮನಿಗೆ ಕಾಗದ ಕೊಡಲು ಹೋದೆ. ಚೀಲ ತಂದಿದ್ದೀರಾ ಎಂದರು. ತಂದಿದ್ದೆ. ಇಂಜೆಕ್ಷನ್ ಶುರುವಾದ ವಾರ ಕೊಂಡ ನೀಲಿ ಪಂಪು ಹೊರಗೆ ತೆಗೆದು ಹಿಂಬದಿಯ ಕೌಂಟರ್ ನೋಡಿದರು, 200ರಲ್ಲಿ 164 ಉಳಿದಿತ್ತು. ಏನೋ ಹೇಳುತ್ತಾರೆ ಎಂದು ಕಾದೆ. "ಸರಿ, ಎಳೆದು ತೋರಿಸಿ" ಎಂದರು. ತೋರಿಸಿದೆ. ಖುಷಿಯಲ್ಲಿ ಉಸಿರು ಹಿಡಿಯುವುದನ್ನು ನಾಲ್ಕಕ್ಕೇ ಬಿಟ್ಟುಬಿಟ್ಟೆ. "ಹತ್ತು" ಎಂದರು. ಇನ್ನೊಂದು ಸಲ ತೋರಿಸಿದೆ.